ರಸಾಯನದ ಬಟ್ಟಲಿನಲ್ಲಿ ರಸಾಯನಶಾಸ್ತ್ರ

ರಾಮನವಮಿಯ ದಿನ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಬೀದಿಯಲ್ಲಿ ನಡೆದು ಹೋಗುವವನಿಗೆ ಬಾಯಾರಿಕೆಯ ಭಯವಿಲ್ಲ. ಚಪ್ಪರದ ಕೆಳಗೆ ಕೊಳಗಗಳಲ್ಲಿ ಬೆಲ್ಲದ ಪಾನಕವೂ ನೀರುಮಜ್ಜಿಗೆಯೂ ತುಂಬಿರುತ್ತವೆ. ಪಕ್ಕದಲ್ಲಿ ಹೆಸರುಬೇಳೆಯ ಕೋಸಂಬರಿ. ಕರಬೂಜದ ಹಣ್ಣಿನಿಂದಲೂ ಬೇಲದ ಹಣ್ಣಿನಿಂದಲೂ ಪಾನಕ ಮಾಡುವವರುಂಟು. ಜನ ಹೆಚ್ಚಾಗಿ ಸೇರುವ ಮನೆಗಳಲ್ಲಿ ಇವುಗಳ ಜೊತೆಗೆ ಹಣ್ಣಿನ ರಸಾಯನವೂ ಬಟ್ಟಲುಗಳನ್ನೇರುತ್ತದೆ. ಬಾಳೆಯ ಹಣ್ಣು ಅದರ ಜೀವಾಳ. ಅದಕ್ಕೆ ಆ ಕಾಲದಲ್ಲಿ ದೊರೆಯುವ ದ್ರಾಕ್ಷಿ, ಕಿತ್ತಳೆ, ಕರಬೂಜ, ಪರಂಗಿ, ಅನಾನಸು, ಮೊದಲ ಮಾವು ಇವುಗಳಲ್ಲಿ ಕೆಲವು ಸೇರುತ್ತವೆ. ಕರಾವಳಿಯವರು ತೆಂಗಿನ ಹಾಲು ಬೆಲ್ಲಗಳನ್ನು ಬೆರಸಿದರೆ, ಘಟ್ಟದ ಮೇಲಿನವರು ಹಸುವಿನ ಹಾಲು, ಸಕ್ಕರೆ ಅಥವಾ ಜೇನುತುಪ್ಪವನ್ನು ಬೆರಸುತ್ತಾರೆ. ಇದರದೇ ಒಂದು ಬಗೆಗೆ ಸೀಕರಣೆಯೆಂದು ಹೆಸರು. ಪಟ್ಟಣದ ಹೋಟೆಲುಗಳಲ್ಲಿ ಫ್ರೂಟ್ ಸಲಾಡ್ ಎಂಬ ಹೆಸರಿನಿಂದ ಐಸ್‌ಕ್ರೀಮಿನ ಟೋಪಿ ಧರಿಸಿ ಬರುವುದೂ ಇದರ ದಾಯಾದಿಯೇ.

ಈ ತಿನಿಸಿಗೂ ಕಾಲೇಜಿನಲ್ಲಿ ನಾವು ಕಲಿಯುವ ಒಂದು ಶಾಸ್ತ್ರಕ್ಕೂ ಕನ್ನಡದಲ್ಲಿ ಒಂದೇ ಹೆಸರು. ರಸವೆಂದರೆ ಹಣ್ಣಿನ ಸಾರವೂ ಹೌದು, ಪಾದರಸವೂ ಹೌದು; ಆಯುರ್ವೇದದಲ್ಲಿ ಆಯುಸ್ಸನ್ನು ವೃದ್ಧಿಪಡಿಸುವ ಔಷಧಗಳಿಗೂ ರಸಾಯನವೆಂದೇ ಹೆಸರು. ಪದಗಳ ಈ ನಂಟನ್ನು ಆಕಸ್ಮಿಕವೆಂದು ತಳ್ಳಿಬಿಡಬಹುದು. ಆದರೆ ಹಣ್ಣನ್ನು ಹೆಚ್ಚಿ ಬಟ್ಟಲಿಗೆ ಹಾಕಿದ ಕ್ಷಣದಿಂದ ಅದನ್ನು ಬಡಿಸುವವರೆಗೆ ಆ ಬಟ್ಟಲಿನೊಳಗೆ ನಡೆಯುವ ವ್ಯಾಪಾರಗಳನ್ನು ನೋಡಿದರೆ ಹೆಸರು ಸಾರ್ಥಕವಾಗಿದೆಯೆಂದೇ ಹೇಳಬೇಕಾಗುತ್ತದೆ.

ನಾಲ್ಕು ಜನಕ್ಕೆ ರಸಾಯನ ಮಾಡುವುದು ಸುಲಭ. ಹೆಚ್ಚಿದ ಕೂಡಲೆ ತಿಂದು ಮುಗಿಸುತ್ತಾರೆ. ನೂರು ಜನಕ್ಕೆ ಮಾಡುವಾಗಲೇ ತೊಡಕು. ಬೆಳಗಿನ ಎಂಟು ಗಂಟೆಗೆ ಹೆಚ್ಚಲು ಕುಳಿತರೆ, ಪೂಜೆ ಮುಗಿದು, ಮಂಗಳಾರತಿಯಾಗಿ, ಎಲೆ ಹಾಕುವ ಹೊತ್ತಿಗೆ ಒಂದು ಗಂಟೆ. ಆ ಐದು ಗಂಟೆಗಳಲ್ಲಿ ಬಾಳೆಯ ಹಣ್ಣು ಕಪ್ಪಾಗಿರುತ್ತದೆ, ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ, ಹಾಲು ಒಡೆದಿರುತ್ತದೆ. ಒಮ್ಮೊಮ್ಮೆ ಬಾಯಿಗಿಟ್ಟರೆ ಕಹಿ. ಇಂತಹ ವೇಳೆಯಲ್ಲಿ ಮನೆಯ ಹಿರಿಯರು ತಪ್ಪನ್ನು ಹುಡುಕಲು ದೂರ ಹೋಗುವುದಿಲ್ಲ. 'ಅವಳ ಕೈಗುಣವೇ ಹಾಗೆ' ಎಂದು ಹೊಸದಾಗಿ ಬಂದ ಸೊಸೆಯ ಮೇಲೆ ಅದನ್ನು ಹೊರಿಸಿಬಿಡುತ್ತಾರೆ. ಕೈಗುಣವೆಂಬುದು ಇದೆಯೋ ಇಲ್ಲವೋ, ಈ ಪ್ರಸಂಗದಲ್ಲಂತೂ ಅದು ನಿರಪರಾಧಿ. ತಪ್ಪು ಹಣ್ಣಿನದು, ತಪ್ಪೆನ್ನುವುದೂ ಸರಿಯಲ್ಲ, ಅದು ಹಣ್ಣಿನ ಸ್ವಭಾವ. ಯಾವ ಹಣ್ಣು ಯಾವ ಹೊತ್ತಿನಲ್ಲಿ ಯಾವುದರೊಡನೆ ಸೇರಬೇಕೆಂಬುದನ್ನು ತಿಳಿದರೆ ಇವೆಲ್ಲವನ್ನೂ ತಪ್ಪಿಸಬಹುದು.

ಕೊಯ್ದ ಹಣ್ಣಿನ ಉಸಿರು

ಮೊದಲು ತಿಳಿಯಬೇಕಾದುದು, ಗಿಡದಿಂದ ಕೊಯ್ದ ಹಣ್ಣು ಸತ್ತ ವಸ್ತುವಲ್ಲವೆಂಬುದು. ಅದು ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕವನ್ನು ಹೀರಿಕೊಂಡು ಇಂಗಾಲಾಮ್ಲ ವಾಯುವನ್ನು ಹೊರಕ್ಕೆ ಬಿಡುತ್ತದೆ. ಬಾಳೆ, ಮಾವು, ಪರಂಗಿ, ಸಪೋಟ ಇವು ಬಲಿತ ಕಾಯಾಗಿ ಕೊಯ್ದ ಮೇಲೂ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ಅನಾನಸುಗಳು ಹಾಗಲ್ಲ. ಅವು ಕೊಯ್ದಾಗ ಎಷ್ಟು ಸಿಹಿಯೋ ಅಷ್ಟೇ ಸಿಹಿ. ಹುಳಿ ದ್ರಾಕ್ಷಿಯನ್ನು ತಂದು ನಾಲ್ಕು ದಿನ ಇಟ್ಟರೆ ಸಿಹಿಯಾದೀತೆಂದು ಕಾಯುವವರು ಕೊಳೆತ ದ್ರಾಕ್ಷಿಯನ್ನು ಪಡೆಯುತ್ತಾರೆ.

ಮಾವಿನ ಕಾಯನ್ನು ಹುಲ್ಲಿನಲ್ಲಿ ಅಡೆ ಹಾಕುವುದು, ಬಾಳೆಯ ಗೊನೆಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಇದರ ಗುಟ್ಟು ಬಹುಕಾಲ ತಿಳಿದಿರಲಿಲ್ಲ. ದೀಪ ಉರಿಸುವ ಅನಿಲದಲ್ಲಿರುವ ಎಥಿಲೀನ್ ಎಂಬ ವಾಯು ಬಟಾಣಿಯ ಸಸಿಗಳ ಬೆಳವಣಿಗೆಯನ್ನು ಮಾರ್ಪಡಿಸುವುದೆಂದು ರಷ್ಯದ ನೆಲ್ಯುಬೋವ್ 1901ರಲ್ಲಿ ತೋರಿಸಿದರು. 1934ರಲ್ಲಿ ಇಂಗ್ಲೆಂಡಿನ ಗೇನ್ ಎಂಬವರು, ಮಾಗುತ್ತಿರುವ ಸೇಬಿನ ಹಣ್ಣು ತಾನೇ ಈ ಎಥಿಲೀನನ್ನು ಹೊರಬಿಡುತ್ತದೆಂದು ಸಿದ್ಧಪಡಿಸಿದರು. ಹುಲ್ಲಿನ ಅಡೆಯಲ್ಲಿ ಹಣ್ಣು ಬಿಟ್ಟ ಎಥಿಲೀನ್ ಅಲ್ಲಿಯೇ ಉಳಿದು ನೆರೆಯ ಕಾಯಿಗಳನ್ನೂ ಮಾಗಿಸುತ್ತದೆ. ಹೊಗೆಯಲ್ಲಿಯೂ ಸ್ವಲ್ಪ ಎಥಿಲೀನ್ ಇರುತ್ತದೆ. ಮಾಗುವಾಗ ಬಾಳೆಯ ಕಾಯಿಯಲ್ಲಿ ಸುಮಾರು ಶೇಕಡ 20ರಷ್ಟಿದ್ದ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು ಕೊನೆಗೆ ಒಂದೆರಡು ಪಾಲು ಮಾತ್ರ ಉಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು ನಮ್ಮ ದೇಶದ ಆಹಾರ ಕಾನೂನು ನಿಷೇಧಿಸಿದೆ. ಅದರಿಂದ ಹೊರಡುವ ಅಸಿಟಿಲೀನ್ ವಾಯುವಿನೊಡನೆ ಆರ್ಸೆನಿಕ್ ಮತ್ತು ರಂಜಕದ ಅಂಶಗಳು ಸೇರಿರಬಹುದೆಂಬುದೇ ಇದಕ್ಕೆ ಕಾರಣ.

ರಸಾಯನಕ್ಕೆ ಸಿಪ್ಪೆ ಪೂರ್ತಿ ಹಳದಿಯಾಗಿದ್ದು ಇನ್ನೂ ಚುಕ್ಕೆ ಬೀಳದ ಬಾಳೆಯ ಹಣ್ಣು ಒಳ್ಳೆಯದು. ಹೆಚ್ಚಿದರೆ ಹೋಳು ಹೋಳಾಗಿಯೇ ನಿಲ್ಲುತ್ತದೆ. ನಂಜನಗೂಡಿನ ರಸಬಾಳೆಯೇ ಆಗಬೇಕೆಂದು ಹಟ ಹಿಡಿಯುವ ಕಾಲ ಹೋಯಿತು. ಪನಾಮಾ ಸೊರಗುರೋಗವು ಅದನ್ನು ಬಹುಪಾಲು ತೋಟಗಳಿಂದ ಓಡಿಸಿದೆ. ದೊರೆತವರು ಭಾಗ್ಯವಂತರು, ಉಳಿದವರಿಗೆ ಏಲಕ್ಕಿ ಬಾಳೆ.

ಕಪ್ಪೇಕೆ ಆಗುತ್ತದೆ?

ಬದನೆಕಾಯಿಯನ್ನು ಹೆಚ್ಚಿದವರು ಹೋಳುಗಳನ್ನು ಕೂಡಲೆ ನೀರಿಗೆ ಹಾಕುವುದನ್ನೂ, ಬಾಳೆಕಾಯಿ ಬಾಳೆದಿಂಡುಗಳನ್ನು ಮಜ್ಜಿಗೆ ಬೆರಸಿದ ನೀರಿಗೆ ಹಾಕುವುದನ್ನೂ ವಾಚಕರು ನೋಡಿಯೇ ಇರುತ್ತಾರೆ. ಏಕೆಂದು ಕೇಳಿದರೆ 'ಕಪ್ಪಾಗಬಾರದೆಂದು' ಎಂಬ ಉತ್ತರ ಬರುತ್ತದೆ. ಉತ್ತರ ಸರಿಯೇ. ಆದರೆ ಒಂದಕ್ಕೆ ನೀರು, ಇನ್ನೊಂದಕ್ಕೆ ಮಜ್ಜಿಗೆ ಏಕೆ?

ಹಣ್ಣಿನ ಒಡಲು ಲಕ್ಷಾಂತರ ಜೀವಕೋಶಗಳಿಂದ ಆದುದು. ಪ್ರತಿಯೊಂದು ಕೋಶದಲ್ಲಿಯೂ ರಸ ತುಂಬಿದ ಒಂದು ಚೀಲವಿದೆ. ಪಾಲಿಫೀನಾಲುಗಳೆಂಬ ಒಗರು ವಸ್ತುಗಳು ಆ ಚೀಲದೊಳಗೆ ಇರುತ್ತವೆ. ಚೀಲದ ಹೊರಗೆ, ಕೋಶದ ಬೇರೆ ಭಾಗಗಳಲ್ಲಿ, ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವಿರುತ್ತದೆ. ಕಿಣ್ವವೆಂದರೆ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಶೀಘ್ರಗೊಳಿಸುವ ಸಸಾರಜನಕ, ಅಂದರೆ ಪ್ರೋಟೀನು. ಹಣ್ಣು ಇಡಿಯಾಗಿರುವವರೆಗೆ ಇವೆರಡೂ ಒಂದನ್ನೊಂದು ಕಾಣವು. ಚಾಕು ಹಾಯ್ದೊಡನೆ ಕೋಶಗಳು ಹರಿದು ಎರಡೂ ಕೂಡುತ್ತವೆ. ಗಾಳಿಯ ಆಮ್ಲಜನಕವೂ ಬಂದು ಸೇರುತ್ತದೆ. ಆಗ ಪಾಲಿಫೀನಾಲುಗಳು ಉತ್ಕರ್ಷಣ ಹೊಂದಿ ಕ್ವಿನೋನುಗಳೆಂಬ ವಸ್ತುಗಳಾಗುತ್ತವೆ. ಕ್ವಿನೋನುಗಳು ಒಂದರೊಡನೊಂದು ಹೆಣೆದುಕೊಂಡು ಕಂದುಬಣ್ಣದ ದೊಡ್ಡ ಅಣುಗಳಾಗುತ್ತವೆ. ಬಾಳೆಯ ಹಣ್ಣಿನ ತಿರುಳಿನಲ್ಲಿ ಹೀಗೆ ಮಾರ್ಪಡುವ ಮುಖ್ಯ ವಸ್ತು ಡೋಪಮೀನ್. ನಮ್ಮ ಮೆದುಳಿನಲ್ಲಿ ಸಂದೇಶ ಸಾಗಿಸುವ ಅದೇ ಡೋಪಮೀನ್! ಆದರೆ ಬಾಳೆಯ ಹಣ್ಣು ತಿಂದು ಬುದ್ಧಿ ಚುರುಕಾಗುವುದೆಂದು ಯಾರೂ ಹಿಗ್ಗಬೇಕಾಗಿಲ್ಲ. ತಿಂದ ಡೋಪಮೀನ್ ರಕ್ತದಿಂದ ಮೆದುಳಿಗೆ ದಾಟಲಾರದು.

ಈ ಕ್ರಿಯೆ ಯಾವಾಗಲೂ ಅನಿಷ್ಟವೆಂದಲ್ಲ. ಚಹದ ಹಸಿರೆಲೆಯನ್ನು ಹೊಸಕಿ ಗಾಳಿಗೆ ಬಿಟ್ಟಾಗ ಅದು ಕೆಂಗಂದು ಬಣ್ಣಕ್ಕೆ ತಿರುಗುವುದು ಇದೇ ಕಿಣ್ವದ ಕೆಲಸದಿಂದ. ಚಹದ ಕಾರ್ಖಾನೆಯವರು ಬೇಕೆಂದು ಮಾಡಿಸುವುದನ್ನು ರಸಾಯನ ಮಾಡುವವರು ಬೇಡವೆಂದು ತಡೆಯಬೇಕಾಗಿದೆ, ಅಷ್ಟೆ.

ತಡೆಯುವ ಬಗೆ ಈಗ ತಾನಾಗಿಯೇ ಹೊಳೆಯುತ್ತದೆ. ನೀರಿನಲ್ಲಿ ಮುಳುಗಿಸಿದರೆ ಗಾಳಿ ಸಾಕಷ್ಟು ತಾಗುವುದಿಲ್ಲ. ಬದನೆಕಾಯಿಗೆ ಅದು ಸಾಕು. ಹುಳಿಯಿದ್ದರೆ ಕಿಣ್ವವೇ ಮಂಕಾಗುತ್ತದೆ; ಮಜ್ಜಿಗೆಯ ಕೆಲಸ ಇದು. ನಿಂಬೆಯ ರಸ ಇವೆರಡಕ್ಕಿಂತಲೂ ಬಲವಾದುದು. ಅದರ ಸಿಟ್ರಿಕ್ ಆಮ್ಲವು ಕಿಣ್ವಕ್ಕೆ ಒಗ್ಗದ ಹುಳಿಯನ್ನು ಉಂಟುಮಾಡುವುದಲ್ಲದೆ, ಕಿಣ್ವದ ಕೆಲಸಕ್ಕೆ ಅತ್ಯಾವಶ್ಯಕವಾದ ತಾಮ್ರದ ಪರಮಾಣುವನ್ನೂ ಹಿಡಿದುಕೊಳ್ಳುತ್ತದೆ. ನಿಂಬೆಯಲ್ಲಿರುವ ಸಿ ಜೀವಸತ್ವವು ಆಗಲೇ ಹುಟ್ಟಿದ ಕ್ವಿನೋನುಗಳನ್ನು ಮರಳಿ ಪಾಲಿಫೀನಾಲುಗಳಾಗಿ ಮಾಡುತ್ತದೆ. ಆದರೆ ಈ ಕಾರ್ಯದಲ್ಲಿ ಜೀವಸತ್ವ ತಾನು ಖರ್ಚಾಗುತ್ತ ಹೋಗುತ್ತದೆ. ನಿಂಬೆ ಹಿಂಡಿದ ಬಾಳೆಯ ಹಣ್ಣು ಒಂದೆರಡು ಗಂಟೆ ಬೆಳ್ಳಗಿದ್ದು ಆಮೇಲೆ ಕಂದಲು ತೊಡಗುವುದು ಇದರಿಂದಲೇ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಕೆಲವು ಹಣ್ಣುಗಳು ಹೆಚ್ಚಿದರೆ ಕಪ್ಪಾಗುತ್ತವೆ, ನಿಂಬೆ ಕಿತ್ತಳೆಗಳು ಆಗುವುದಿಲ್ಲ; ಏಕೆ? ಈ ಸಾಮಾನ್ಯ ಪ್ರಶ್ನೆ 1920ರ ದಶಕದಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಎಂಬ ವಿಜ್ಞಾನಿಯ ಮನಸ್ಸನ್ನು ಹಿಡಿಯಿತು. ಕಪ್ಪಾಗದಂತೆ ತಡೆಯುವ ವಸ್ತುವೊಂದು ಇರಲೇಬೇಕೆಂದು ಅವರು ಹುಡುಕಿದರು. 1928ರ ವೇಳೆಗೆ ಅದನ್ನು ಪ್ರತ್ಯೇಕಿಸಿದರು. ಹಡಗಿನ ನಾವಿಕರನ್ನು ಶತಮಾನಗಳ ಕಾಲ ಬಲಿ ತೆಗೆದುಕೊಂಡ ಸ್ಕರ್ವಿ ರೋಗವನ್ನು ತಡೆಯುವ ಸಿ ಜೀವಸತ್ವ ಇದೇ ಎಂದು ಆಮೇಲೆ ಸ್ಥಿರಪಟ್ಟಿತು. ಪ್ರಯೋಗಗಳಿಗೆ ಸಾಕಷ್ಟು ಜೀವಸತ್ವ ಅವರಿಗೆ ದೊರೆತದ್ದು ನಿಂಬೆಯಿಂದಲ್ಲ, ತಮ್ಮೂರಾದ ಸೆಗೆಡ್ಡಿನ ಹೆಸರಾಂತ ಕೆಂಪು ಮೆಣಸಿನಕಾಯಿಯಿಂದ. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಹೆಚ್ಚಿದ ಹಣ್ಣು ಕಪ್ಪಾಗುವುದನ್ನು ನಾವೆಲ್ಲರೂ ನೋಡಿದ್ದೆವು.

ಎಲ್ಲ ಹಣ್ಣಿಗೂ ನಿಂಬೆ ಬೇಡ. ದ್ರಾಕ್ಷಿ, ಕಿತ್ತಳೆ, ಕಲ್ಲಂಗಡಿ, ಕರಬೂಜಗಳಿಗೆ ಈ ತೊಂದರೆಯಿಲ್ಲವೆನ್ನುವಷ್ಟು ಕಡಿಮೆ. ಬಾಳೆ, ಸೇಬು, ಸೀಬೆ, ಸಪೋಟಗಳಿಗೆ ಮಾತ್ರ ಬೇಕು. ನಿಂಬೆಯ ಹುಳಿ ಒಲ್ಲದವರು ಹೋಳುಗಳನ್ನು ಕಿತ್ತಳೆಯ ರಸದಲ್ಲಿ ಹೊರಳಿಸಬಹುದು. ಮೊಂಡು ಚಾಕು ಹೆಚ್ಚು ಕೋಶಗಳನ್ನು ಜಜ್ಜಿಹಾಕುತ್ತದೆಯಾಗಿ ಅಲಗು ಹರಿತವಾಗಿರಬೇಕು. ಹಳೆಯ ಕಬ್ಬಿಣದ ಈಳಿಗೆಮಣೆಯಂತೂ ಈ ಕೆಲಸಕ್ಕೆ ಸಲ್ಲದು. ಹಣ್ಣಿನ ಒಗರೂ ಕಬ್ಬಿಣವೂ ಕೂಡಿದರೆ ಮಸಿಯೇ ಆಗುತ್ತದೆ. ಹಿಂದಿನ ಕಾಲದವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ತತ್ತ್ವದ ಮೇಲೆ.

ಸಕ್ಕರೆ ಯಾವಾಗ?

ಕೋಸಂಬರಿಗೆ ಉಪ್ಪನ್ನು ಬಡಿಸುವ ಮುಂಚೆ ಹಾಕಬೇಕೇ ಹೊರತು ಮೊದಲೇ ಹಾಕಬಾರದೆಂದು ಅಡಿಗೆ ಬಲ್ಲವರೆಲ್ಲ ಹೇಳುತ್ತಾರೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಸಪ್ಪೆಯಾಗುತ್ತದೆ. ಹಣ್ಣಿಗೆ ಸಕ್ಕರೆ ಹಾಕಿದಾಗಲೂ ನಡೆಯುವುದು ಇದೇ. ಜೀವಕೋಶದ ಪೊರೆ ನೀರನ್ನು ಸುಲಭವಾಗಿ ದಾಟಗೊಡುತ್ತದೆ, ಸಕ್ಕರೆಯನ್ನು ದಾಟಗೊಡುವುದಿಲ್ಲ. ಹೊರಗಿನ ದ್ರಾವಣ ಒಳಗಿನದಕ್ಕಿಂತ ಗಾಢವಾದರೆ ನೀರು ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. 1748ರಲ್ಲಿ ಫ್ರಾನ್ಸಿನ ಪಾದ್ರಿ ನೋಲೆ ಎಂಬವರು ಮದ್ಯಸಾರ ತುಂಬಿದ ಪಾತ್ರೆಯ ಬಾಯನ್ನು ಹಂದಿಯ ಮೂತ್ರಕೋಶದ ಪೊರೆಯಿಂದ ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ ಪೊರೆ ಉಬ್ಬಿ ನಿಂತುದನ್ನು ಕಂಡರು. ಈ ಒತ್ತಡದ ನಿಯಮಗಳನ್ನು ರೂಪಿಸಿದ ಹಾಲೆಂಡಿನ ವಾಂಟ್ ಹಾಫರಿಗೆ 1901ರಲ್ಲಿ, ರಸಾಯನಶಾಸ್ತ್ರಕ್ಕೆ ಕೊಟ್ಟ ಮೊಟ್ಟಮೊದಲನೆಯ ನೊಬೆಲ್ ಪಾರಿತೋಷಕ ದೊರೆಯಿತು.

ಆದುದರಿಂದ ಬೆಳಗ್ಗೆಯೇ ಸಕ್ಕರೆ ಬೆರಸಿದವರು ಮಧ್ಯಾಹ್ನ ತಳದಲ್ಲಿ ನೀರು ಕಂಡು ಆಶ್ಚರ್ಯಪಡಬಾರದು. ಸಕ್ಕರೆಯ ಬದಲು ಕಲ್ಲುಸಕ್ಕರೆಯ ಚೂರುಗಳನ್ನು ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ದೊಡ್ಡ ಹರಳಿನ ಮೈ ಅದರ ತೂಕಕ್ಕೆ ಹೋಲಿಸಿದರೆ ಚಿಕ್ಕದು. ಅದು ಮೆಲ್ಲಗೆ ಕರಗುತ್ತದೆ, ನೀರನ್ನೂ ಮೆಲ್ಲಗೆ ಎಳೆಯುತ್ತದೆ. ಒಣದ್ರಾಕ್ಷಿ ಹಾಕುವುದು ಇನ್ನೂ ಜಾಣತನ. ಅದರೊಳಗೆ ಸಕ್ಕರೆ ಗಾಢವಾಗಿರುವುದರಿಂದ ನೀರು ಅದರ ಕಡೆಗೆ ಹರಿಯುತ್ತದೆ. ತಳದಲ್ಲಿ ನಿಲ್ಲಬೇಕಾದ ರಸವನ್ನು ಕುಡಿದು ಅದು ಗುಂಡಗಾಗುತ್ತದೆ.

ಹಾಲಿನ ಕಹಿ

ಹಾಲಿನ ತೊಂದರೆ ಎರಡು ಬಗೆ. ಜನರು ಇವೆರಡನ್ನೂ ಒಂದೇ ಎಂದು ತಿಳಿದು 'ಹಾಲು ಕೆಟ್ಟಿತು' ಎಂದುಬಿಡುತ್ತಾರೆ. ಒಡೆಯುವುದು ಬೇರೆ, ಕಹಿಯಾಗುವುದು ಬೇರೆ.

ಹಾಲಿನ ಮುಖ್ಯ ಸಸಾರಜನಕ ಕೇಸೀನ್. ಅದು ಸೂಕ್ಷ್ಮ ಕಣಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಕಣಗಳಿಗೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರವಿಡುತ್ತವೆ. ಹುಳಿ ಸೇರಿದಾಗ ಆ ವಿದ್ಯುದಂಶ ಇಳಿಯುತ್ತದೆ. ಹುಳಿಯನ್ನು ಅಳೆಯುವ ಪಿಎಚ್ ಮಾನದಲ್ಲಿ ಹಾಲು ಸುಮಾರು 6.6; ಅಂಕ ಇಳಿದಂತೆಲ್ಲ ಹುಳಿ ಹೆಚ್ಚೆಂದು ಅರ್ಥ. ಅದು 4.6ರ ಹತ್ತಿರಕ್ಕೆ ಬಂದಾಗ ಕೇಸೀನ್ ಕಣಗಳು ಗುಂಪುಗೂಡಿ ಗಡ್ಡೆಯಾಗುತ್ತವೆ. ಸ್ವಲ್ಪ ಹುಳಿಯನ್ನು ಹಾಲು ತಡೆದುಕೊಳ್ಳಬಲ್ಲುದು; ಬಾಳೆಗೆ ಸವರಿದ ನಾಲ್ಕು ಹನಿ ನಿಂಬೆಯಿಂದ ಒಂದು ಸೇರು ಹಾಲು ಒಡೆಯದು. ಹುಳಿ ದ್ರಾಕ್ಷಿ, ಕಿತ್ತಳೆಗಳನ್ನು ಧಾರಾಳವಾಗಿ ಹಾಕಿದರೆ ಒಡೆಯುತ್ತದೆ. ತೆಂಗಿನ ಹಾಲಿನಲ್ಲಿ ಕೇಸೀನ್ ಇಲ್ಲ. ಅದು ಇಷ್ಟು ಸುಲಭವಾಗಿ ಒಡೆಯದು. ಈ ಒಂದು ವಿಷಯದಲ್ಲಿ ಕರಾವಳಿಯ ರಸಾಯನವೇ ಮೇಲೆಂದು ಘಟ್ಟದ ಮೇಲಿನವರಾದ ನಾವು ಒಪ್ಪಿಕೊಳ್ಳಬೇಕಾಗಿದೆ.

ಕಹಿಯ ಕಥೆ ಬೇರೆ. ಪರಂಗಿ ಹಣ್ಣು ಹುಳಿಯಲ್ಲ. ಆದರೂ ಅದನ್ನು ಹಾಲಿನಲ್ಲಿ ಕಲಸಿ ಒಂದೆರಡು ಗಂಟೆ ಬಿಟ್ಟರೆ ಕಹಿಯಾಗುತ್ತದೆ. ಇದಕ್ಕೆ ಹುಳಿ ಕಾರಣವಲ್ಲವೆಂದಾಯಿತು. ಪರಂಗಿಯಲ್ಲಿ ಪಪೇನ್, ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವಗಳಿವೆ. ಸಸಾರಜನಕವನ್ನು ತುಂಡರಿಸುವುದೇ ಇವುಗಳ ಕೆಲಸ. ಮಾಂಸವನ್ನು ಮೆತ್ತಗೆ ಮಾಡಲು ಪರಂಗಿಯ ಕಾಯನ್ನು ಅರೆದು ಹಚ್ಚುವುದೂ, ಅನಾನಸನ್ನು ಹೆಚ್ಚಾಗಿ ತಿಂದರೆ ನಾಲಗೆ ಚುರುಚುರು ಎನ್ನುವುದೂ ಈ ಗುಣದಿಂದ. ಕೇಸೀನಿನ ಉದ್ದವಾದ ಸರಪಳಿಯನ್ನು ಇವು ಚಿಕ್ಕ ತುಂಡುಗಳಾಗಿ ಕತ್ತರಿಸಿದಾಗ ಒಳಗೆ ಅಡಗಿದ್ದ ಕೆಲವು ಅಮೈನೊ ಆಮ್ಲಗಳು ಹೊರಬಂದು ನಾಲಗೆಗೆ ತಾಗುತ್ತವೆ. ಇಡೀ ಕೇಸೀನಿಗೆ ಇಲ್ಲದ ಕಹಿ ತುಂಡುಗಳಿಗೆ ಬರುತ್ತದೆ. ಪರಂಗಿ ಚೆನ್ನಾಗಿ ಹಣ್ಣಾದಷ್ಟೂ ಪಪೇನ್ ಕಡಿಮೆ. ದೋರಗಾಯಿಯನ್ನು ಹಾಕಿದವರಿಗೆ ಕಹಿ ಬೇಗ ಕಾಣುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕಾಯಿಸಿ ಆರಿಸಿದ ಹಾಲನ್ನು ಮೂರು ಲೋಟಗಳಲ್ಲಿ ಸಮವಾಗಿ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಏನನ್ನೂ ಹಾಕಬೇಡಿ. ಎರಡನೆಯದಕ್ಕೆ ಎರಡು ಚಮಚ ಪರಂಗಿಯ ಹಸಿ ತಿರುಳನ್ನು ಕಲಸಿ. ಮೂರನೆಯದಕ್ಕೆ ಅಷ್ಟೇ ತಿರುಳನ್ನು, ಆದರೆ ಸ್ವಲ್ಪ ನೀರಿನೊಡನೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ 'ಆರಿಸಿದ ಮೇಲೆ', ಕಲಸಿ. ಒಂದೂವರೆ ಗಂಟೆಯ ನಂತರ ಒಂದೊಂದು ಹನಿಯನ್ನು ನಾಲಗೆಯ ಮೇಲೆ ಇಟ್ಟು ನೋಡಿ. ಬಿಸಿಗೆ ಕಿಣ್ವದ ಆಕಾರ ಕೆಟ್ಟು ಅದರ ಶಕ್ತಿ ಅಡಗುತ್ತದೆಂಬುದು ಎರಡನೆಯ ಮತ್ತು ಮೂರನೆಯ ಲೋಟಗಳ ವ್ಯತ್ಯಾಸದಿಂದ ತಿಳಿದುಬರುತ್ತದೆ. ಮೊದಲನೆಯ ಲೋಟ ಏಕೆ ಬೇಕೆಂಬುದನ್ನು ಯೋಚಿಸಿ ನೋಡಿ. ಅದಿಲ್ಲದೆ ಈ ಪರೀಕ್ಷೆಗೆ ಬೆಲೆಯಿಲ್ಲ.

ಅನಾನಸಿನ ಗೊಜ್ಜಿನಲ್ಲಾಗಲಿ ಕೇಸರಿಬಾತಿನಲ್ಲಾಗಲಿ ಈ ಕಿಣ್ವದ ಕಾಟವಿಲ್ಲದಿರುವುದಕ್ಕೆ ಕಾರಣ ಇಷ್ಟೆ: ಅಲ್ಲಿ ಹಣ್ಣು ಬೆಂದಿರುತ್ತದೆ. ರಸಾಯನಕ್ಕೂ ಅನಾನಸನ್ನು ಸಕ್ಕರೆಯ ನೀರಿನಲ್ಲಿ ಹಿಂದಿನ ದಿನವೇ ಕುದಿಸಿಟ್ಟುಕೊಂಡರೆ ಸರಿ. ಜೆಲ್ಲಿ ಮಾಡುವವರಿಗೂ ಇದು ಉಪಯೋಗಕ್ಕೆ ಬರುವ ಮಾತು. ಜೆಲಟಿನ್ ಎಂಬುದು ಸಸಾರಜನಕವಾದುದರಿಂದ ಹಸಿ ಅನಾನಸು ಬಿದ್ದರೆ ಗಟ್ಟಿಯಾಗುವುದೇ ಇಲ್ಲ. ಕಡಲಕಳೆಯಿಂದ ತೆಗೆಯುವ ಚೈನಾಗ್ರಾಸ್ ಸಸಾರಜನಕವಲ್ಲ, ಅದು ಗಟ್ಟಿಯಾಗುತ್ತದೆ.

ಡಬ್ಬಿಯ ಹಣ್ಣು

ಅಂಗಡಿಯಲ್ಲಿ ಫ್ರೂಟ್ ಕಾಕ್‌ಟೇಲ್ ಎಂಬ ಹೆಸರಿನ ಡಬ್ಬಿಯನ್ನು ಕಂಡು ಅದರಲ್ಲಿ ಮದ್ಯವಿರಬಹುದೆಂದು ಹಿಂಜರಿಯುವವರುಂಟು. ಇರುವುದು ಹಣ್ಣು ಮತ್ತು ಸಕ್ಕರೆಯ ನೀರು. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಡಬ್ಬಿಯ ಕಾರ್ಖಾನೆಗಳಿಂದ ಇದು ಪ್ರಚಾರಕ್ಕೆ ಬಂದಿತು. ಅಲ್ಲಿಯ ಸರ್ಕಾರ ಅದರ ಅಳತೆಯನ್ನೂ ಗೊತ್ತುಮಾಡಿದೆ: ಪೀಚ್ ಶೇಕಡ 30ರಿಂದ 50, ಪೇರು 25ರಿಂದ 45, ದ್ರಾಕ್ಷಿ 6ರಿಂದ 20, ಅನಾನಸು 6ರಿಂದ 16, ಚೆರಿ 2ರಿಂದ 6. ಆ ಡಬ್ಬಿಯ ಹಣ್ಣು ಕಪ್ಪಾಗುವುದಿಲ್ಲ, ಹಾಲನ್ನು ಕಹಿ ಮಾಡುವುದಿಲ್ಲ. ಡಬ್ಬಿಯನ್ನು ಮುಚ್ಚಿ ಕುದಿಸುವಾಗ ಕಿಣ್ವಗಳೂ ಸೂಕ್ಷ್ಮಜೀವಿಗಳೂ ಒಟ್ಟಿಗೆ ನಾಶವಾಗಿರುತ್ತವೆ. ಈ ವಿಧಾನವನ್ನು 1810ರಲ್ಲಿ ಫ್ರಾನ್ಸಿನ ನಿಕೊಲಾಸ್ ಅಪೆರ್ ಎಂಬ ಮಿಠಾಯಿಗಾರ ಪುಸ್ತಕವಾಗಿ ಪ್ರಕಟಿಸಿದ; ಏಕೆ ಕೆಡುವುದಿಲ್ಲವೆಂಬುದು ಅವನಿಗೆ ತಿಳಿದಿರಲಿಲ್ಲ. ಅದನ್ನು ತಿಳಿಯಲು ಪಾಸ್ತರನವರೆಗೆ ಕಾಯಬೇಕಾಯಿತು. ನಮ್ಮ ದೇಶದ ಹಣ್ಣುಗಳನ್ನು ಹೀಗೆ ಸಂರಕ್ಷಿಸುವ ಸಂಶೋಧನೆಗೆ 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ನೆಲೆಯಾಯಿತು. ಆದರೆ ಕುದಿದ ಹಣ್ಣಿಗೆ ಹಸಿ ಹಣ್ಣಿನ ಕಂಪೆಲ್ಲಿ? ತಾಜಾ ಹಣ್ಣು ದೊರೆಯುವ ಚೈತ್ರ ವೈಶಾಖಗಳಲ್ಲಿ ಡಬ್ಬಿಯನ್ನು ತೆರೆಯುವುದು ನಮಗೆ ಅಷ್ಟೇನೂ ರುಚಿಸದು.

ಕಾಣದ ಅಪಾಯ

ಕಪ್ಪಾದ ಬಾಳೆಯಿಂದಾಗಲಿ ಕಹಿಯಾದ ಹಾಲಿನಿಂದಾಗಲಿ ಕೆಡುವುದು ರುಚಿ ಮಾತ್ರ, ಆರೋಗ್ಯವಲ್ಲ. ಆರೋಗ್ಯವನ್ನು ಕೆಡಿಸುವುದು ಕಣ್ಣಿಗಾಗಲಿ ನಾಲಗೆಗಾಗಲಿ ಸುಳಿವು ಕೊಡದು. ಇಲ್ಲಿ ಅಜ್ಜಿಯ ಅನುಭವವೊಂದನ್ನೇ ನಂಬಿ ಕೂಡಲಾಗದು. ಅವರ ಕಾಲದ ಹಣ್ಣು ಹಿತ್ತಲಿನಿಂದ ಬರುತ್ತಿತ್ತು. ಈಗಿನದು ನೂರಾರು ಮೈಲಿ ಬಂದು ಹಲವು ಕೈಗಳನ್ನು ದಾಟಿರುತ್ತದೆ.

ಕರಬೂಜವನ್ನೇ ನೋಡಿ. ನೆಲದ ಮೇಲೆ ಮಲಗಿ ಬೆಳೆಯುವ ಹಣ್ಣು, ಸಿಪ್ಪೆ ಒರಟು, ಮಣ್ಣಿನ ಬ್ಯಾಕ್ಟೀರಿಯಗಳು ಅಲ್ಲಿ ಮನೆ ಮಾಡಿಕೊಂಡಿರಬಹುದು. ಹೇಗಿದ್ದರೂ ಸಿಪ್ಪೆ ಎಸೆಯುವುದೇ ಎಂದು ತೊಳೆಯದೆ ಹೆಚ್ಚಿದರೆ ಚಾಕು ಅವನ್ನು ನೇರವಾಗಿ ತಿರುಳಿಗೆ ಒಯ್ಯುತ್ತದೆ. ನಿಂಬೆ ಅನಾನಸುಗಳ ಹುಳಿಯಲ್ಲಿ ಅನೇಕ ಬ್ಯಾಕ್ಟೀರಿಯಗಳು ಬೆಳೆಯಲಾರವು. ಕರಬೂಜದಲ್ಲಿ ಹುಳಿ ಬಹು ಕಡಿಮೆ, ಸಿಹಿಯೂ ನೀರೂ ಬೇಕಾದಷ್ಟು. ಅನುಕೂಲವಾದ ಬಿಸಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಹಾಗಾದರೆ ಎಂಟು ಗಂಟೆಗೆ ಇದ್ದ ಒಂದು, ಒಂದು ಗಂಟೆಯ ಊಟದ ಹೊತ್ತಿಗೆ 32,768 ಆಗಿರುತ್ತದೆ. 2011ರಲ್ಲಿ ಅಮೆರಿಕದಲ್ಲಿ ಒಂದೇ ತೋಟದ ಕರಬೂಜಗಳಿಗೆ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯ ತಗುಲಿ 147 ಜನ ಕಾಯಿಲೆ ಬಿದ್ದರು; ಅವರಲ್ಲಿ 33 ಜನ ಸತ್ತರು. ಹಾಗೆಂದು ಕರಬೂಜವನ್ನು ಬಿಡಬೇಕಾಗಿಲ್ಲ. ಹರಿಯುವ ನೀರಿನಲ್ಲಿ ಸಿಪ್ಪೆಯನ್ನು ಉಜ್ಜಿ ತೊಳೆದು ಒರೆಸಿ, ಕೈಯನ್ನೂ ಚಾಕುವನ್ನೂ ಸೋಪಿನಿಂದ ತೊಳೆದು, ಆಮೇಲೆ ಹೆಚ್ಚಬೇಕು. ಹೆಚ್ಚಿದ ಹಣ್ಣು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಕೂಡದು. ಬಿಸಿಲು 32 ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ದಿನ ಒಂದೇ ಗಂಟೆ. ಬಸಿರಿಯರಿಗೂ ವೃದ್ಧರಿಗೂ ಕೊಡುವ ಬಟ್ಟಲನ್ನು ಆಗತಾನೆ ಹೆಚ್ಚಿದ ಹಣ್ಣಿನಿಂದ ತುಂಬಬೇಕು. ಲಿಸ್ಟೀರಿಯ ರೆಫ್ರಿಜರೇಟರಿನ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯಬಲ್ಲುದು.

ಮಂಜುಗಡ್ಡೆ ಶುದ್ಧವೆಂಬ ಭ್ರಮೆಯೂ ಬೇಡ. ಹೆಪ್ಪುಗಟ್ಟುವುದರಿಂದ ಸೂಕ್ಷ್ಮಜೀವಿಗಳು ಎಲ್ಲವೂ ಸಾಯುವುದಿಲ್ಲ, ಕರಗಿದಾಗ ಮೇಲೇಳುತ್ತವೆ. ಅಂಗಡಿಯ ಗಡ್ಡೆಯನ್ನು ರಸಾಯನದೊಳಗೆ ಹಾಕದೆ, ರಸಾಯನದ ಪಾತ್ರೆಯನ್ನು ಗಡ್ಡೆಯ ತೊಟ್ಟಿಯಲ್ಲಿ ಇರಿಸಬಹುದು. ಪಾತ್ರೆ ಎವರ್‌ಸಿಲ್ವರಿನದೋ ಗಾಜಿನದೋ ಆಗಿರಲಿ. ಕಲಾಯಿ ಹೋದ ಹಿತ್ತಾಳೆ ತಾಮ್ರಗಳಲ್ಲಿ ಹುಳಿ ಇಡಬಾರದೆಂಬ ಹಳೆಯ ಕಟ್ಟಳೆ ಪೂರ್ತಿ ಸತ್ಯ. ಆಮ್ಲಕ್ಕೆ ತಾಮ್ರ ಕರಗಿ ಹೊಟ್ಟೆ ತೊಳಸುವಂತೆ ಮಾಡುತ್ತದೆ; ಸಿ ಜೀವಸತ್ವವೂ ತಾಮ್ರದ ಸಂಪರ್ಕದಲ್ಲಿ ಬೇಗ ನಾಶವಾಗುತ್ತದೆ.

ಒಂದು ಗಂಟೆಯ ಊಟಕ್ಕೆ

ಹಿಂದಿನ ಸಂಜೆ ಅನಾನಸನ್ನು ಸಕ್ಕರೆಯ ನೀರಿನಲ್ಲಿ ಕುದಿಸಿ ತಣ್ಣಗಿಡಿ. ಬೆಳಗ್ಗೆ ಮಾಡಬೇಕಾದುದು ತೊಳೆಯುವ ಕೆಲಸ ಮಾತ್ರ. ಇಡೀ ಹಣ್ಣುಗಳನ್ನು ತೊಳೆದು ತಂಪಿನಲ್ಲಿಡಿ. ತಣ್ಣಗಿರುವ ಹಣ್ಣಿನಲ್ಲಿ ಕಿಣ್ವವೂ ನಿಧಾನ, ಸೂಕ್ಷ್ಮಜೀವಿಯೂ ನಿಧಾನ. ಹನ್ನೊಂದಕ್ಕೆ ಕಿತ್ತಳೆಯ ತೊಳೆಗಳನ್ನು ಬಿಡಿಸಿ, ದ್ರಾಕ್ಷಿಯನ್ನೂ ಒಣದ್ರಾಕ್ಷಿಯನ್ನೂ ಅನಾನಸಿನೊಡನೆ ಸೇರಿಸಿ. ಹನ್ನೆರಡಾದ ಮೇಲೆ ಕರಬೂಜ. ಮಂಗಳಾರತಿಯ ಗಂಟೆ ಕೇಳಿದಾಗ ಬಾಳೆಯ ಹಣ್ಣನ್ನು ಹೆಚ್ಚಿ, ಒಂದು ಡಜನ್ನಿಗೆ ಅರ್ಧ ನಿಂಬೆಯ ರಸವನ್ನು ಸವರಿ, ಎಲ್ಲದರ ಮೇಲೆ ಹರಡಿ. ಸಕ್ಕರೆಯನ್ನೋ ಜೇನನ್ನೋ ಆಗ ಬೆರಸಬೇಕು. ರುಚಿಯನ್ನು ತಣ್ಣಗಿರುವಾಗಲೇ ನೋಡಬೇಕು. ತಂಪಾದ ಪದಾರ್ಥ ನಾಲಗೆಗೆ ಕಡಿಮೆ ಸಿಹಿಯೆನಿಸುತ್ತದೆ. ಏಲಕ್ಕಿಯ ಕಂಪಿಗೆ ಕಾರಣವಾದ ಸಿನಿಯೋಲ್ ಮುಂತಾದ ತೈಲಗಳು ಗಾಳಿಗೆ ಹಾರಿಹೋಗತಕ್ಕವು. ಅದನ್ನು ಮೊದಲೇ ಕುಟ್ಟಿಟ್ಟುಕೊಳ್ಳಬಾರದು.

ಹಾಲನ್ನು ದೊಡ್ಡ ಪಾತ್ರೆಗೆ ಸುರಿಯುವುದೇ ಬೇಡ. ಕಾಯಿಸಿ ತಣಿಸಿದ ಹಾಲನ್ನು ಹೂಜಿಯಲ್ಲಿಟ್ಟುಕೊಂಡು, ಪಂಕ್ತಿಯಲ್ಲಿ ಕುಳಿತವರ ಬಟ್ಟಲಿಗೆ ಹಣ್ಣು ಬಡಿಸಿದ ಮೇಲೆ ಒಬ್ಬರು ಹಿಂದಿನಿಂದ ಹಾಲು ಹಾಕುತ್ತ ಬರಬೇಕು. ಆ ಕೆಲಸವನ್ನು ಹೊಸ ಸೊಸೆಗೇ ಒಪ್ಪಿಸಬಹುದು.